ಕುದುರೆತಲೆಯ ಪಕ್ಕದ ಮಸುಕು ಪಟ್ಟಿ: ಮಾಜಾಳಿಯಲ್ಲಿ ತೆಗೆದ ಒಂದು ಚಿತ್ರದ ಪ್ರಕರಣ ಅಧ್ಯಯನ

ಕಾರವಾರದ ಉತ್ತರಕ್ಕಿರುವ ಮಾಜಾಳಿ ಕಡಲತೀರ. ಅಮಾವಾಸ್ಯೆಯ ಆಸುಪಾಸಿನ ಡಿಸೆಂಬರ್ 30ರ ರಾತ್ರಿ. ಎಪಿಎಸ್‌-ಸಿ ಸೆನ್ಸರಿನ ಡಿಎಸ್‌ಎಲ್‌ಆರ್, 200 ಮಿ.ಮೀ. ಲೆನ್ಸ್, ಎಫ್‌/2.8, ಐಎಸ್‌ಒ 800, ಕೆಳಗೆ ನಕ್ಷತ್ರಗಳ ಜೊತೆ ತಿರುಗುವ ಸಣ್ಣ ಟ್ರ್ಯಾಕರ್. ಗುರಿ ಒರಾಯನ್ ನಕ್ಷತ್ರಪುಂಜದ ನಡುಪಟ್ಟಿಯಿಂದ ಅದರ ದಕ್ಷಿಣದ ದೊಡ್ಡ ನೀಹಾರಿಕೆ ಎಂ42ರವರೆಗಿನ ಭಾಗ. 60 ಸೆಕೆಂಡಿನ ಎಕ್ಸ್‌ಪೋಶರ್, ಫ್ರೇಮಿನಿಂದ ಫ್ರೇಮಿಗೆ 3 ಸೆಕೆಂಡ್ ಬಿಡುವು. ರಾತ್ರಿ 9:50ರಿಂದ 1:15ರ ತನಕ ಒಟ್ಟು 195 ಫ್ರೇಮ್.

ಸ್ಟ್ಯಾಕ್ ಮಾಡಿದ, ಅಂದರೆ ಎಲ್ಲ ಫ್ರೇಮುಗಳನ್ನು ಒಂದರ ಮೇಲೊಂದು ಕೂಡಿಸಿದ, ಚಿತ್ರ ಚೆನ್ನಾಗಿಯೇ ಬಂತು. ಆಲ್ನಿಟಾಕ್ ನಕ್ಷತ್ರದ ಪಕ್ಕದ ಜ್ವಾಲೆ ನೀಹಾರಿಕೆ, ಅದರ ದಕ್ಷಿಣಕ್ಕೆ ಕೆಂಪು ಪರದೆಯ ಮುಂದೆ ಕುದುರೆತಲೆ ಎಂಬ ಕಪ್ಪು ನೀಹಾರಿಕೆ, ಎಲ್ಲ ಸ್ಪಷ್ಟ. ಆದರೆ ಹಿನ್ನೆಲೆಯನ್ನು ಇನ್ನಷ್ಟು ಬೆಳಗಿಸಿ ನೋಡಿದರೆ ಕುದುರೆತಲೆಯ ತುಸು ದಕ್ಷಿಣಕ್ಕೆ ಚಿತ್ರದ ಎಡ ಅಂಚಿನಿಂದ ಬಲ ಅಂಚಿನವರೆಗೆ ಒಂದು ಮಸುಕು ಪಟ್ಟಿ. ಅಗಲ ಸುಮಾರು 5 ಆರ್ಕ್‌ಮಿನಿಟ್ (ಡಿಗ್ರಿಯ 60ನೇ ಒಂದು ಭಾಗ ಆರ್ಕ್‌ಮಿನಿಟ್, ಅದರ 60ನೇ ಒಂದು ಭಾಗ ಆರ್ಕ್‌ಸೆಕೆಂಡ್). ನೀಹಾರಿಕೆಯ ಎಳೆ ಎಂದರೂ ನಂಬಬಹುದು, ಸೆನ್ಸರಿನ ದೋಷ ಎಂದರೂ ನಂಬಬಹುದು.

ಇದು ಭೂಸ್ಥಿರ ಉಪಗ್ರಹಗಳ, ಅಂದರೆ ಭೂಮಿಯ ಜೊತೆಗೇ ತಿರುಗುತ್ತ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹಗಳ, ಗೆರೆಗಳು ಒಂದರ ಮೇಲೊಂದು ಬಿದ್ದು ಆದ ಪಟ್ಟಿ. ಉತ್ತರ ಕನ್ನಡದಿಂದ ಕುದುರೆತಲೆಯ ಚಿತ್ರ ತೆಗೆಯುವ ಯಾರಿಗೂ ಇದು ತಪ್ಪಿದ್ದಲ್ಲ. ಯಾಕೆ ಹಾಗೆ, ಪತ್ತೆ ಮಾಡಿದ್ದು ಹೇಗೆ, ಹೆಸರಿಡುವುದು ಎಲ್ಲಿಯವರೆಗೆ ಸಾಧ್ಯ ಎಂಬುದು ಮುಂದಿದೆ.

ಮೊದಲು ಸುಳ್ಳು ಅನುಮಾನಗಳು

ಇಂಥ ಪಟ್ಟಿ ಕಂಡಾಗ ಮೊದಲ ಗುಮಾನಿ ಸೆನ್ಸರಿನ ಬ್ಯಾಂಡಿಂಗ್ ಮೇಲೆ, ಅಂದರೆ ಸೆನ್ಸರಿನ ಸಾಲುಗಳುದ್ದಕ್ಕೂ ಮೂಡುವ ಸುಳ್ಳು ಪಟ್ಟಿಗಳ ಮೇಲೆ. ಇಲ್ಲಿ ಕ್ಯಾಮೆರಾದ ಉದ್ದ ಬದಿಯನ್ನು ಪೂರ್ವ–ಪಶ್ಚಿಮಕ್ಕೆ ಹೊಂದಿಸಿದ್ದರಿಂದ ಗುಮಾನಿಗೆ ಇನ್ನಷ್ಟು ಬಲ ಬಂತು: ಸೆನ್ಸರಿನ ಸಾಲುಗಳೂ ಅದೇ ದಿಕ್ಕು, ಪಟ್ಟಿಯೂ ಅದೇ ದಿಕ್ಕು. ಬಿಡಿಸಿದ್ದು ಪ್ಲೇಟ್ ಸಾಲ್ವಿಂಗ್. ಅಸ್ಟ್ರೋಮೆಟ್ರಿ ಡಾಟ್ ನೆಟ್ ಆಗಲಿ ಎಎಸ್‌ಟಿಎಪಿ ಆಗಲಿ, ಚಿತ್ರದ ನಕ್ಷತ್ರಗಳನ್ನು ಗುರುತಿಸಿ ಪ್ರತಿ ಪಿಕ್ಸೆಲ್ಲಿಗೂ ಆಕಾಶದ ನಿರ್ದೇಶಾಂಕ ಕೊಡುತ್ತದೆ, ಕ್ಯಾಮೆರಾ ಎಷ್ಟು ಓರೆ ಕೂತಿತ್ತು ಎಂಬುದನ್ನೂ ಹೇಳುತ್ತದೆ. ಇಲ್ಲಿ ಓರೆ 1.6 ಡಿಗ್ರಿ. 6000 ಪಿಕ್ಸೆಲ್ ಅಗಲದಲ್ಲಿ ಅದು ಸುಮಾರು 168 ಪಿಕ್ಸೆಲ್ ಏರಿಳಿತ. ಪಟ್ಟಿ ಆ ಓರೆಯನ್ನೇ ಹಿಡಿದು ಸಾಗಿತ್ತು. ಬ್ಯಾಂಡಿಂಗ್ ಆಗಿದ್ದರೆ ಸೆನ್ಸರಿನ ಸಾಲನ್ನು ಬಿಟ್ಟು ಕದಲುತ್ತಿರಲಿಲ್ಲ. ಮುಚ್ಚಳ ಹಾಕಿ ತೆಗೆದ ಡಾರ್ಕ್ ಫ್ರೇಮುಗಳಲ್ಲೂ ಅದು ಕಾಣಲಿಲ್ಲ.

ಎರಡನೆಯ ಗುಮಾನಿ ಕರಾವಳಿಯವರಿಗೆ ಚಿರಪರಿಚಿತ. ಇಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 15 ಡಿಗ್ರಿ ಮಾತ್ರ ಮೇಲೆ. ಗಾಳಿಮರಗಳ ಸಾಲು, ಸಮುದ್ರದ ಮಂಜು, ಗುಡ್ಡ, ಯಾವುದಾದರೊಂದು ಅಡ್ಡ ಬರುತ್ತದೆ. ಟ್ರ್ಯಾಕರನ್ನು ಇಷ್ಟು ತಗ್ಗಿಸಿದರೆ ಪ್ರತಿತೂಕದ ಕಂಬಿ ಟ್ರೈಪಾಡ್ ಕಾಲಿಗೆ ತಾಗುವುದೂ ಉಂಟು. ಹಾಗಾಗಿ ಧ್ರುವದ ಹೊಂದಾಣಿಕೆ ಒರಟಾಗಿ, ಮೂರು ಗಂಟೆಯಲ್ಲಿ ಚಿತ್ರ ನಿಧಾನ ಜಾರುತ್ತದೆ, ಸೆನ್ಸರಿನ ಸ್ಥಿರ ಗದ್ದಲ (ನಾಯ್ಸ್) ಗೀರುಗೀರಾಗಿ ಉಳಿಯುತ್ತದೆ. ಆದರೆ ಆ ಗೀರು ಇಡೀ ಚಿತ್ರದ ತುಂಬ ಒಂದೇ ದಿಕ್ಕಿಗೆ ಇರಬೇಕು. ಒಂದೇ ಜಾಗದಲ್ಲಿ, 5 ಆರ್ಕ್‌ಮಿನಿಟ್ ಅಗಲಕ್ಕೆ ಕಟ್ಟಿ ಕೂರುವುದಿಲ್ಲ.

ನೀಹಾರಿಕೆ ಹೌದೋ ಅಲ್ಲವೋ ಎಂಬುದಕ್ಕೆ ಸುಲಭದ ಪರೀಕ್ಷೆ ಇದೆ. 195 ಫ್ರೇಮುಗಳನ್ನು ಸಮಯದ ಪ್ರಕಾರ ಎರಡು ಪಾಲು ಮಾಡಿ ಬೇರೆ ಬೇರೆ ಸ್ಟ್ಯಾಕ್ ಮಾಡಿದರೆ ನೀಹಾರಿಕೆ ಎರಡರಲ್ಲೂ ಒಂದೇ ಥರ ಇರಬೇಕು. ಇಲ್ಲಿ ಪಟ್ಟಿಯ ಒಳಗಿನ ಸಣ್ಣ ಗೆರೆಗಳು ಎರಡರಲ್ಲೂ ಬೇರೆ ಬೇರೆ ಎತ್ತರದಲ್ಲಿದ್ದವು. ಅಲ್ಲಿಗೆ ಅದು ನೀಹಾರಿಕೆಯಲ್ಲ ಎಂದಾಯಿತು.

ಒಂದೊಂದೇ ಫ್ರೇಮ್

ಸ್ಟ್ಯಾಕ್ ನೋಡಿ ಉಪಗ್ರಹ ಗುರುತಿಸಲು ಹೊರಡುವುದೇ ತಪ್ಪು ದಾರಿ. ಸ್ಟ್ಯಾಕಿನಲ್ಲಿ ಸಮಯ ಉಳಿದಿರುವುದಿಲ್ಲ, ಸಮಯವಿಲ್ಲದೆ ಉಪಗ್ರಹಕ್ಕೆ ಗುರುತಿಲ್ಲ. ಫ್ರೇಮುಗಳನ್ನು ನಕ್ಷತ್ರಕ್ಕೆ ಹೊಂದಿಸಿ, ಒಂದರ ಹಿಂದೊಂದು ಮಿಟುಕಿಸುತ್ತ ನೋಡಬೇಕು. ಗೆರೆ ತೀರಾ ಮಸುಕಾಗಿದ್ದರೆ ಹತ್ತು ಹತ್ತು ಫ್ರೇಮ್ ತೆಗೆದುಕೊಂಡು ಸರಾಸರಿಯ ಬದಲು ಗರಿಷ್ಠ ಬೆಲೆಯ ಸ್ಟ್ಯಾಕ್ ಮಾಡಿದರೆ ತುಂಡುಗೆರೆಗಳ ಸಾಲು ಎದ್ದು ಬರುತ್ತದೆ.

103ನೇ ಫ್ರೇಮನ್ನು ಹತ್ತಿರದಿಂದ ನೋಡೋಣ. ಸಮಯ ರಾತ್ರಿ 11:37. ಕುದುರೆತಲೆಯ ದಕ್ಷಿಣಕ್ಕೆ ಸುಮಾರು 130 ಪಿಕ್ಸೆಲ್ ದೂರದಲ್ಲಿ ಒಂದು ಗೆರೆ, ಅದಕ್ಕೆ ಸಮಾನಾಂತರವಾಗಿ 40 ಪಿಕ್ಸೆಲ್ ಆಚೆ ಇನ್ನೊಂದು. ಎರಡರ ಉದ್ದವೂ 223–225 ಪಿಕ್ಸೆಲ್. ಎರಡೂ ತುದಿಗಳು ಚಿತ್ರದ ಒಳಗೇ ಇವೆ, ಹೊಳಪು ಉದ್ದಕ್ಕೂ ಒಂದೇ ಸಮ. 104ನೇ ಫ್ರೇಮಿನಲ್ಲಿ ಅದೇ ಗೆರೆಗಳು 11 ಪಿಕ್ಸೆಲ್ ಬಿಟ್ಟು ಪೂರ್ವಕ್ಕೆ ಮುಂದುವರಿದಿವೆ.

ಈ ಉದ್ದವೇ ಇಡೀ ಪ್ರಕರಣದ ಕೀಲಿ. ಸೆನ್ಸರಿನ ಪಿಕ್ಸೆಲ್ 3.9 ಮೈಕ್ರಾನ್, ಲೆನ್ಸ್ 200 ಮಿ.ಮೀ. ಹಾಗಾಗಿ ಒಂದು ಪಿಕ್ಸೆಲ್ಲಿಗೆ 206.265 × 3.9 ÷ 200, ಅಂದರೆ 4.02 ಆರ್ಕ್‌ಸೆಕೆಂಡ್. ಭೂಮಿಗೆ ಅಂಟಿಕೊಂಡಂತೆ ಆಕಾಶದಲ್ಲಿ ನಿಂತ ವಸ್ತುವಿನ ಹಿಂದೆ ನಕ್ಷತ್ರಗಳು ಸೆಕೆಂಡಿಗೆ 15.04 ಆರ್ಕ್‌ಸೆಕೆಂಡಿನಂತೆ ಪಶ್ಚಿಮಕ್ಕೆ ಜಾರುತ್ತವೆ. ಟ್ರ್ಯಾಕರ್ ನಕ್ಷತ್ರಗಳನ್ನು ನಿಲ್ಲಿಸಿರುವುದರಿಂದ ಚಿತ್ರದಲ್ಲಿ ಆ ವಸ್ತುವೇ ಪೂರ್ವಕ್ಕೆ ಹೋದಂತೆ ಕಾಣುತ್ತದೆ. 60 ಸೆಕೆಂಡಿಗೆ 902 ಆರ್ಕ್‌ಸೆಕೆಂಡ್, ಅಂದರೆ 224 ಪಿಕ್ಸೆಲ್. 3 ಸೆಕೆಂಡ್ ಬಿಡುವಿಗೆ 11 ಪಿಕ್ಸೆಲ್. ಅಳತೆಯೂ ಲೆಕ್ಕವೂ ಇಷ್ಟು ಕೂಡಿದ ಮೇಲೆ ಬೇರೆ ಪುರಾವೆ ಹುಡುಕುವ ಅಗತ್ಯ ಬಹಳ ಉಳಿಯುವುದಿಲ್ಲ.

ಕೆಳಕಕ್ಷೆಯ ಉಪಗ್ರಹ ಏಕೆ ಆಗಲಾರದು? 550 ಕಿ.ಮೀ. ಎತ್ತರದ ಸ್ಟಾರ್‌ಲಿಂಕ್ ನೆತ್ತಿಯ ಮೇಲೆ ಸೆಕೆಂಡಿಗೆ ಸುಮಾರು 0.8 ಡಿಗ್ರಿ ಓಡುತ್ತದೆ. ಈ ಲೆನ್ಸಿನ 6.7 ಡಿಗ್ರಿ ಅಗಲ ದಾಟಲು ಅದಕ್ಕೆ ಎಂಟೊಂಬತ್ತು ಸೆಕೆಂಡ್ ಸಾಕು. ಒಂದು ನಿಮಿಷದ ಫ್ರೇಮಿನಲ್ಲಿ ಅದರ ಗೆರೆ ಅಂಚಿನಿಂದ ಅಂಚಿಗೆ ಇರಬೇಕೇ ಹೊರತು ತುಂಡಾಗಿ ಒಳಗೆ ಕೂರುವುದಿಲ್ಲ. ಎರಡನೆಯ ಕಾರಣ ಇನ್ನೂ ಗಟ್ಟಿ. ಡಿಸೆಂಬರ್ ಕೊನೆಯ ನಡುರಾತ್ರಿ ಕಾರವಾರಕ್ಕೆ ಸೂರ್ಯ ಹೆಚ್ಚುಕಡಿಮೆ ಕಾಲಡಿಗೇ ಇರುತ್ತಾನೆ, ಭೂಮಿಯ ನೆರಳು ನೆತ್ತಿಯ ಮೇಲೆ ಕವಿದಿರುತ್ತದೆ. 11:37ಕ್ಕೆ ಕುದುರೆತಲೆಯ ದಿಕ್ಕಿನಲ್ಲಿ ಸುಮಾರು 9,000 ಕಿ.ಮೀ.ಗಿಂತ ಕೆಳಗಿರುವ ಯಾವುದಕ್ಕೂ ಬಿಸಿಲು ತಾಗುವುದಿಲ್ಲ. ಸ್ಟಾರ್‌ಲಿಂಕ್ ಆಗಲಿ ಬಾಹ್ಯಾಕಾಶ ನಿಲ್ದಾಣವಾಗಲಿ ಆ ಹೊತ್ತಿಗೆ ಅಲ್ಲಿ ಹಾದುಹೋಗುತ್ತಿದ್ದರೂ ಕತ್ತಲಲ್ಲೇ ಹೋಗುತ್ತವೆ. ಮೂಲೆಯಿಂದ ಮೂಲೆಗೆ ಹೋದ ಗೆರೆಗೆಲ್ಲ ಸ್ಟಾರ್‌ಲಿಂಕ್ ಎಂದು ಹೆಸರಿಡುವ ಚಾಳಿ ಇತ್ತೀಚೆಗೆ ಜೋರಾಗಿದೆ. ಇದೇ ಸರಣಿಯ 41ನೇ ಫ್ರೇಮಿನಲ್ಲಿ ಅಂಥದೊಂದು ಗೆರೆ ಇತ್ತು, ರಾತ್ರಿ 10:32ಕ್ಕೆ. ದೊಡ್ಡದು ಮಾಡಿ ನೋಡಿದರೆ ಜೋಡಿ ಗೆರೆ, ಸಮ ಅಂತರದಲ್ಲಿ ಮಿಂಚುವ ಚುಕ್ಕೆ, ಒಂದು ಬದಿಗೆ ಕೆಂಪು ಛಾಯೆ: ವಿಮಾನ. ಗೋವೆಯ ಎರಡು ವಿಮಾನ ನಿಲ್ದಾಣ ಇಷ್ಟು ಹತ್ತಿರವಿರುವಾಗ ಅದು ಅಚ್ಚರಿಯೇನಲ್ಲ.

ಎಲ್ಲ ಇಲ್ಲೇ ಏಕೆ

ಭೂಸ್ಥಿರ ಕಕ್ಷೆ ಭೂಮಧ್ಯರೇಖೆಯ ಮೇಲೆ, ಭೂಕೇಂದ್ರದಿಂದ 42,164 ಕಿ.ಮೀ. ದೂರದಲ್ಲಿದೆ. ಭೂಮಧ್ಯರೇಖೆಯಲ್ಲಿ ನಿಂತವರಿಗೆ ಅದು ಸೊನ್ನೆ ಡಿಕ್ಲಿನೇಷನ್ನಿನಲ್ಲಿ (ಡಿಕ್ಲಿನೇಷನ್ ಎಂದರೆ ಆಕಾಶದ ಅಕ್ಷಾಂಶ) ಕಾಣುತ್ತದೆ. ಉತ್ತರಕ್ಕೆ ಸರಿದಂತೆಲ್ಲ ನಕ್ಷತ್ರಗಳ ಹಿನ್ನೆಲೆಯಲ್ಲಿ ದಕ್ಷಿಣಕ್ಕೆ ಇಳಿಯುತ್ತದೆ. ಲೆಕ್ಕ ಕಷ್ಟದ್ದಲ್ಲ: ಭೂಮಿಯ ತ್ರಿಜ್ಯ 6378ನ್ನು ಅಕ್ಷಾಂಶದ ಸೈನ್‌ನಿಂದ ಗುಣಿಸಿ, ಅದನ್ನು, 42,164ರಿಂದ 6378 ಗುಣಿಸು ಅಕ್ಷಾಂಶದ ಕೊಸೈನ್ ಕಳೆದರೆ ಬರುವ ಸಂಖ್ಯೆಯಿಂದ ಭಾಗಿಸಿ, ಬಂದದ್ದು ಯಾವ ಕೋನದ ಟ್ಯಾಂಜೆಂಟೋ ಅಷ್ಟು ಡಿಗ್ರಿ ದಕ್ಷಿಣಕ್ಕೆ. ಮಾಜಾಳಿಗೆ, ನೇರ ದಕ್ಷಿಣದಲ್ಲಿರುವ ಉಪಗ್ರಹಕ್ಕೆ, −2 ಡಿಗ್ರಿ 36 ಮಿನಿಟ್ ಬರುತ್ತದೆ. ಕುದುರೆತಲೆಯ ಡಿಕ್ಲಿನೇಷನ್ −2 ಡಿಗ್ರಿ 27 ಮಿನಿಟ್. ನಡುವೆ ಉಳಿಯುವುದು 9 ಆರ್ಕ್‌ಮಿನಿಟ್, ಈ ಲೆನ್ಸಿಗೆ 130 ಪಿಕ್ಸೆಲ್. ಪಟ್ಟಿ ಬಿದ್ದಿರುವುದು ಅಲ್ಲೇ.

ಇನ್ನು ಸಮಯ. ಡಿಸೆಂಬರ್ 30ರ ರಾತ್ರಿ ಕಾರವಾರದಲ್ಲಿ ಕುದುರೆತಲೆ ನೇರ ದಕ್ಷಿಣಕ್ಕೆ ಬರುವುದು 11:37ಕ್ಕೆ, ಮರುದಿನ 4 ನಿಮಿಷ ಬೇಗ. ಉಪಗ್ರಹಗಳು ನಿಂತಲ್ಲೇ ಇರುತ್ತವೆ, ನಕ್ಷತ್ರಗಳು ಅವುಗಳ ಹಿಂದೆ ಸಾಗುತ್ತವೆ. ಹಾಗಾಗಿ ಕುದುರೆತಲೆ ಯಾವ ರೇಖಾಂಶದ ಉಪಗ್ರಹವನ್ನು ಯಾವಾಗ ದಾಟುತ್ತದೆ ಎಂಬುದನ್ನು ಮೊದಲೇ ಬರೆದಿಡಬಹುದು. ಭಾರತದ ಉಪಗ್ರಹಗಳು ಕೂರುವ ಮುಖ್ಯ ಸ್ಥಾನಗಳಲ್ಲಿ 93.5° ಪೂರ್ವವನ್ನು ದಾಟುವುದು 10:07ಕ್ಕೆ, 83° ಪೂರ್ವವನ್ನು 10:56ಕ್ಕೆ, 74° ಪೂರ್ವವನ್ನು 11:38ಕ್ಕೆ, 55° ಪೂರ್ವವನ್ನು 1:06ಕ್ಕೆ. ಫ್ರೇಮ್ ಸಂಖ್ಯೆಯಲ್ಲಿ ಹೇಳುವುದಾದರೆ 17, 63, 103 ಮತ್ತು 187ರ ಆಸುಪಾಸು. ಈ ನಾಲ್ಕೂ ಕಡೆ ಗೆರೆಗಳ ಗುಂಪು ಸಿಕ್ಕಿತು. ನಡುವೆ ಬೇರೆ ದೇಶಗಳ ಉಪಗ್ರಹಗಳವು ಬಿಡಿಬಿಡಿಯಾಗಿ ಬಂದವು. ಪ್ರತಿ ಉಪಗ್ರಹ ಚಿತ್ರದ ಪಶ್ಚಿಮ ಅಂಚಿನಲ್ಲಿ ಒಳಬಂದು ಪೂರ್ವ ಅಂಚಿನಲ್ಲಿ ಹೊರಹೋಗಲು 27 ನಿಮಿಷ ಬೇಕು, ಅಂದರೆ ಸುಮಾರು 25 ಫ್ರೇಮುಗಳಲ್ಲಿ ಒಂದೇ ಉಪಗ್ರಹ ಸಿಗುತ್ತದೆ.

ಕಾರವಾರದ ರೇಖಾಂಶ 74.1° ಪೂರ್ವ. 74° ಸ್ಥಾನ ಇಲ್ಲಿಗೆ ನೇರ ದಕ್ಷಿಣದಲ್ಲಿ, 72.5 ಡಿಗ್ರಿ ಎತ್ತರದಲ್ಲಿ. ಆ ಸ್ಥಾನದ ಉಪಗ್ರಹದ ಆರ್‌ಎ, ಅಂದರೆ ಆಕಾಶದ ರೇಖಾಂಶ, ಯಾವ ಹೊತ್ತಿಗೂ ಊರಿನ ನಕ್ಷತ್ರ ಕಾಲಕ್ಕೆ ಸಮ ಎಂಬ ಅನುಕೂಲವೂ ಇದೆ. ಗಡಿಯಾರ ನೋಡಿದರೆ ಗೆರೆ ಎಲ್ಲಿ ಬೀಳುತ್ತದೆ ಎಂದು ಹೇಳಬಹುದು.

ಹೆಸರಿಡುವ ಪ್ರಶ್ನೆ

ಸೆಲೆಸ್‌ಟ್ರ್ಯಾಕ್ ಅಥವಾ ಸ್ಪೇಸ್-ಟ್ರ್ಯಾಕ್ ಜಾಲತಾಣದಿಂದ ಕಕ್ಷೆಯ ಎರಡು ಸಾಲಿನ ಮಾಹಿತಿ, ಅಂದರೆ ಟಿಎಲ್‌ಇ, ತೆಗೆದುಕೊಂಡು ಆಕಾಶ ತೋರಿಸುವ ತಂತ್ರಾಂಶ ಸ್ಟೆಲೇರಿಯಮ್‌ನ ಉಪಗ್ರಹ ಪ್ಲಗಿನ್‌ಗೆ ಹಾಕಿ, ಊರು ಮತ್ತು ಸಮಯ ಸರಿಯಾಗಿ ಕೊಟ್ಟು, ಗೆರೆಯ ಎರಡೂ ತುದಿಯ ನಿರ್ದೇಶಾಂಕಗಳ ಜೊತೆ ತಾಳೆ ನೋಡುವುದು ರೂಢಿಯ ಕ್ರಮ. ಎಡವುವುದು ಎರಡು ಕಡೆ. ಒಂದು, ಪ್ಲಗಿನ್ ಇವತ್ತಿನ ಟಿಎಲ್‌ಇ ಇಳಿಸಿಕೊಳ್ಳುತ್ತದೆ, ಚಿತ್ರ ತಿಂಗಳ ಹಿಂದಿನದು. ಚಿತ್ರ ತೆಗೆದ ದಿನದ ಟಿಎಲ್‌ಇಯನ್ನೇ ಹುಡುಕಿ ಹಾಕಬೇಕು. ಕೆಳಕಕ್ಷೆಯದಕ್ಕಂತೂ ಹಳೆಯದೋ ಹೊಸದೋ ಹಾಕಿದರೆ ಉತ್ತರ ಪೂರ್ತಿ ತಪ್ಪು. ಇನ್ನೊಂದು ಕ್ಯಾಮೆರಾದ ಗಡಿಯಾರ. ಭೂಸ್ಥಿರ ಉಪಗ್ರಹಕ್ಕೆ ಒಂದು ಸೆಕೆಂಡ್ ತಪ್ಪಿದರೆ 15 ಆರ್ಕ್‌ಸೆಕೆಂಡ್, ನಾಲ್ಕು ಪಿಕ್ಸೆಲ್, ಅಷ್ಟೇ. ನೆತ್ತಿಯ ಕೆಳಕಕ್ಷೆಯದಕ್ಕೆ ಅದೇ ಒಂದು ಸೆಕೆಂಡ್ ಮುಕ್ಕಾಲು ಡಿಗ್ರಿ. ಕೆಲಸ ಶುರು ಮಾಡುವ ಮೊದಲು ಮೊಬೈಲಿನ ಜಿಪಿಎಸ್ ಗಡಿಯಾರದ ಒಂದು ಫೋಟೊ ಅದೇ ಕ್ಯಾಮೆರಾದಲ್ಲಿ ತೆಗೆದಿಟ್ಟರೆ ಎಷ್ಟು ವ್ಯತ್ಯಾಸವಿದೆ ಎಂಬುದು ಕೈಯಲ್ಲಿರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ 103ನೇ ಫ್ರೇಮಿನ ಎರಡು ಗೆರೆಗಳಿಗೆ ಒಂದೊಂದು ಹೆಸರು ಕೊಡುವುದು ನಮಗೆ ಸರಿ ಕಾಣುವುದಿಲ್ಲ. 2016ರಲ್ಲಿ ಉಡಾಯಿಸಿದ ಹವಾಮಾನ ಉಪಗ್ರಹ ಇನ್‌ಸ್ಯಾಟ್-3ಡಿಆರ್, 2018ರ ಜಿಸ್ಯಾಟ್-11, ಹೀಗೆ ಒಂದಕ್ಕಿಂತ ಹೆಚ್ಚು ಉಪಗ್ರಹಗಳಿಗೆ 74° ಸ್ಥಾನವೇ ನಿಗದಿಯಾದದ್ದು. ಇವೆಲ್ಲ ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಜಾಗದಲ್ಲಿ ಒಟ್ಟಿಗೆ ಇರುತ್ತವೆ, ಆಗಾಗ ಇಂಧನ ಉರಿಸಿ ಸ್ಥಾನ ತಿದ್ದಿಕೊಳ್ಳುತ್ತವೆ. ತಿದ್ದಿದ ಮೇಲೆ ಹೊಸ ಟಿಎಲ್‌ಇ ಬರುವವರೆಗೆ ಹಳೆಯದು ಕೆಲವು ಆರ್ಕ್‌ಮಿನಿಟ್ ತಪ್ಪು ಹೇಳಬಹುದು, ಇಲ್ಲಿ ಎರಡು ಗೆರೆಗಳ ಅಂತರವೇ ಮೂರು ಆರ್ಕ್‌ಮಿನಿಟ್ಟಿಗಿಂತ ಕಮ್ಮಿ. ‘74° ಪೂರ್ವದ ಗುಂಪು, ಎರಡು ಉಪಗ್ರಹ’ ಎಂದು ಬರೆದು ನಿಲ್ಲಿಸುವುದೇ ಸರಿ.

ಒಂದು ಗೆರೆ ಮಾತ್ರ ಈ ಸಾಲಿಗೆ ಸೇರದೆ ನಿಂತಿತು. 120ನೇ ಫ್ರೇಮಿನ ನಂತರ ಬಂದದ್ದು, ಉದ್ದ ಅಷ್ಟೇ 224 ಪಿಕ್ಸೆಲ್, ಆದರೆ ಉಳಿದವಕ್ಕಿಂತ 7 ಡಿಗ್ರಿ ಓರೆ. ಇದು ಮುದಿ ಉಪಗ್ರಹದ ಲಕ್ಷಣ. ಭೂಸ್ಥಿರ ಉಪಗ್ರಹವನ್ನು ಉತ್ತರ–ದಕ್ಷಿಣಕ್ಕೆ ತಿದ್ದುವುದಕ್ಕೇ ಇಂಧನ ಹೆಚ್ಚು ಬೇಕು. ಅದು ಮುಗಿಯುತ್ತ ಬಂದಾಗ ಆ ತಿದ್ದುಪಡಿಯನ್ನು ಮೊದಲು ಕೈಬಿಡುತ್ತಾರೆ. ಆಮೇಲೆ ಚಂದ್ರ, ಸೂರ್ಯರ ಸೆಳೆತಕ್ಕೆ ಕಕ್ಷೆ ವರ್ಷಕ್ಕೆ ಸುಮಾರು 0.85 ಡಿಗ್ರಿ ವಾಲುತ್ತದೆ. ಇಲ್ಲಿಂದ ಕಂಡ 7 ಡಿಗ್ರಿ ಓರೆಗೆ ಕಕ್ಷೆಯ ವಾಲು ಕನಿಷ್ಠ 6 ಡಿಗ್ರಿ ಇರಬೇಕು, ಅಂದರೆ ಏಳು ವರ್ಷಕ್ಕೂ ಮಿಕ್ಕಿ ಯಾರೂ ತಿದ್ದಿಲ್ಲ. ‘ಕನಿಷ್ಠ’ ಏಕೆಂದರೆ ಪೂರ್ತಿ ಓರೆ ಕಾಣುವುದು ಉಪಗ್ರಹ ಭೂಮಧ್ಯರೇಖೆ ದಾಟುವ ಕ್ಷಣದಲ್ಲಿ ಮಾತ್ರ.

ಅದು ಇನ್ನೂ ಕೆಲಸದಲ್ಲಿದೆಯೋ, ನಿವೃತ್ತಿಯಾಗಿ 300 ಕಿ.ಮೀ. ಮೇಲಿನ ಸ್ಮಶಾನ ಕಕ್ಷೆಗೆ ಹೋಗಿದೆಯೋ? ಒಂದು ಫ್ರೇಮಿನಿಂದ ಗೊತ್ತಾಗದು, ಉದ್ದದಲ್ಲಿ ಬರುವ ವ್ಯತ್ಯಾಸ ಮೂರು ಪಿಕ್ಸೆಲ್ ಮಾತ್ರ. ಆದರೆ ಸ್ಮಶಾನ ಕಕ್ಷೆಯದು ದಿನಕ್ಕೆ ಸುಮಾರು 3.8 ಡಿಗ್ರಿ ಪಶ್ಚಿಮಕ್ಕೆ ಜಾರುವುದರಿಂದ ಹತ್ತು ಫ್ರೇಮ್ ಕಳೆಯುವಷ್ಟರಲ್ಲಿ ಲೆಕ್ಕದ ಜಾಗಕ್ಕಿಂತ ಸುಮಾರು 29 ಪಿಕ್ಸೆಲ್ ಹಿಂದೆ ಬೀಳುತ್ತದೆ. ಇಲ್ಲಿ ಹಾಗೆ ಹಿಂದೆ ಬೀಳಲಿಲ್ಲ.

ಪೂರ್ತಿ ಖಾತ್ರಿ ಬೇಕಿದ್ದರೆ ಮರುದಿನ ಅದೇ ಜಾಗದಲ್ಲಿ ಟ್ರ್ಯಾಕರ್ ಆಫ್ ಮಾಡಿ, ಲೆನ್ಸನ್ನು ನೇರ ದಕ್ಷಿಣಕ್ಕೆ 72.5 ಡಿಗ್ರಿ ಎತ್ತರಿಸಿ, 30 ಸೆಕೆಂಡಿನ ಹತ್ತು ಫ್ರೇಮ್ ತೆಗೆಯಬೇಕು. ಈಗ ಎಲ್ಲ ತಿರುಗುಮುರುಗು: ನಕ್ಷತ್ರಗಳು ಗೆರೆ, ಉಪಗ್ರಹಗಳು ಚುಕ್ಕೆ. ಫ್ರೇಮುಗಳನ್ನು ಹೊಂದಿಸದೆ, ಇದ್ದ ಹಾಗೇ ಸ್ಟ್ಯಾಕ್ ಮಾಡಿದರೆ ನಕ್ಷತ್ರದ ಗೆರೆಗಳು ಅಳಿಸಿಹೋಗಿ ಚುಕ್ಕೆಗಳಷ್ಟೇ ಉಳಿಯುತ್ತವೆ. ಕಡಲ ತಂಪಿಗೆ ಲೆನ್ಸಿನ ಮೇಲೆ ಇಬ್ಬನಿ ಕೂರುವುದರಿಂದ ಬಿಸಿಪಟ್ಟಿ ಕಟ್ಟಿಕೊಂಡಿರಬೇಕು, ಇಲ್ಲವಾದರೆ ಮಸುಕು ಚುಕ್ಕೆ ಮೊದಲು ಮಾಯವಾಗುತ್ತದೆ.

ಸ್ಟ್ಯಾಕಿನಲ್ಲಿ ಅಳಿಸಿಹೋಗದೆ ಉಳಿದದ್ದೇಕೆ

ಸಿಗ್ಮಾ ಕ್ಲಿಪ್ಪಿಂಗ್, ಅಂದರೆ ಸರಾಸರಿಯಿಂದ ಗದ್ದಲದ ಇಂತಿಷ್ಟು ಪಟ್ಟಿಗಿಂತ ದೂರವಿರುವ ಬೆಲೆಗಳನ್ನು ಕೈಬಿಡುವ ಕ್ರಮ, ಹಾಕಿದ್ದರೂ ಪಟ್ಟಿ ಉಳಿದಿತ್ತು. ಮಿತಿ 3ಕ್ಕೆ ಇತ್ತು, ಸ್ಟ್ಯಾಕ್ ಮಾಡುವ ತಂತ್ರಾಂಶ ಸಿರಿಲ್‌ನಲ್ಲಿ ತಾನಾಗಿ ಬರುವುದೂ ಅದೇ. ಪ್ರತಿ ಪಿಕ್ಸೆಲ್ಲಿನ ಮೇಲೆ ಉಪಗ್ರಹ ನಿಲ್ಲುವುದು 0.27 ಸೆಕೆಂಡ್ ಮಾತ್ರ, ಹಾಗಾಗಿ ಒಂದು ಫ್ರೇಮಿನಲ್ಲಿ ಗೆರೆಯ ಹೊಳಪು ಹಿನ್ನೆಲೆಯ ಗದ್ದಲದ ಎರಡು ಪಟ್ಟು ಅಷ್ಟೇ ಇತ್ತು. ಮೂರರ ಮಿತಿಗೆ ಅದು ಸಿಕ್ಕುವುದಿಲ್ಲ. ಒಂದೇ ಗೆರೆಯಾಗಿದ್ದರೆ 195 ಫ್ರೇಮಿನ ಸರಾಸರಿಯಲ್ಲಿ ಅದು ಉಳಿದ ಗದ್ದಲದ ಏಳನೇ ಒಂದು ಪಾಲಿಗೆ ಇಳಿದು ಕಾಣದಂತಾಗುತ್ತಿತ್ತು. ಇಲ್ಲಿ ರಾತ್ರಿಯಿಡೀ ಹಾದ ಉಪಗ್ರಹಗಳೆಲ್ಲ ಅದೇ ಐದು ಆರ್ಕ್‌ಮಿನಿಟ್ ಅಗಲದಲ್ಲಿ ಬಿದ್ದವು. ಗೆರೆ ಸಾವಿರಾರು ಪಿಕ್ಸೆಲ್ ಉದ್ದವಿದ್ದರೆ ಗದ್ದಲಕ್ಕಿಂತ ಕಮ್ಮಿ ಹೊಳಪಿದ್ದರೂ ಕಣ್ಣು ಹಿಡಿಯುತ್ತದೆ.

ಮಿತಿಯನ್ನು 2.2ಕ್ಕೆ ಇಳಿಸಿದರೆ ಪಟ್ಟಿ ತೆಳುವಾಯಿತು, ಹೋಗಲಿಲ್ಲ. ಗೆರೆಯ ಅರ್ಧಕ್ಕೂ ಹೆಚ್ಚು ಪಿಕ್ಸೆಲ್ಲುಗಳು ಆಗಲೂ ತಪ್ಪಿಸಿಕೊಳ್ಳುತ್ತವೆ. ಇನ್ನೂ ಇಳಿಸಿದರೆ ಒಳ್ಳೆಯ ಮಾಹಿತಿಯೂ ಹೋಗುತ್ತದೆ. ಫಲ ಕೊಟ್ಟದ್ದು ಮುಖವಾಡ: ಗೆರೆಯ ಜಾಗ ಲೆಕ್ಕದಿಂದಲೇ ಗೊತ್ತಿರುವುದರಿಂದ ಪ್ರತಿ ಫ್ರೇಮಿನಲ್ಲಿ ಆ ತುಂಡನ್ನಷ್ಟೇ ಮುಚ್ಚಿ ಸ್ಟ್ಯಾಕ್ ಮಾಡಿದರೆ ಯಾವ ಪಿಕ್ಸೆಲ್ಲೂ ನೂರಕ್ಕೆ ಐದಕ್ಕಿಂತ ಹೆಚ್ಚು ಫ್ರೇಮ್ ಕಳೆದುಕೊಳ್ಳುವುದಿಲ್ಲ. ಮುಂದಿನ ಸಲಕ್ಕೆ ಎಕ್ಸ್‌ಪೋಶರನ್ನು 30 ಸೆಕೆಂಡಿಗೆ ಇಳಿಸುವುದು ಇನ್ನೂ ಸುಲಭ. ಗೆರೆ ಗಿಡ್ಡವಾಗುತ್ತದೆ, ಅದರ ಹೊಳಪು ಅಷ್ಟೇ ಇರುತ್ತದೆ, ಹಿನ್ನೆಲೆಯ ಗದ್ದಲ ಮಾತ್ರ ಇಳಿಯುತ್ತದೆ; ಎರಡು ಪಟ್ಟಿದ್ದ ಗೆರೆ 2.8 ಪಟ್ಟಾಗಿ 2.2ರ ಮಿತಿಯ ಕ್ಲಿಪ್ಪಿಂಗ್‌ಗೆ ಬಹುಪಾಲು ಸಿಕ್ಕಿಬೀಳುತ್ತದೆ.

ಜಾಗ ಬದಲಿಸಿದರೆ ಗೆರೆಯ ಜಾಗವೂ ಬದಲಾಗುತ್ತದೆ. ಶಿರಸಿಯಿಂದ ಪಟ್ಟಿ ಕುದುರೆತಲೆಯ ದಕ್ಷಿಣಕ್ಕೆ 6 ಆರ್ಕ್‌ಮಿನಿಟ್ ದೂರ. ಭಟ್ಕಳದಿಂದ −2 ಡಿಗ್ರಿ 27 ಮಿನಿಟ್, ಅಂದರೆ ಸರಿಯಾಗಿ ಕುದುರೆತಲೆಯ ಮೇಲೆಯೇ. ಅಲ್ಲಿಂದ ತೆಗೆಯುವವರು 11:37ರ ಆಚೀಚೆಯ ಫ್ರೇಮುಗಳನ್ನು ಒಂದೊಂದಾಗಿ ನೋಡದೆ ಸ್ಟ್ಯಾಕಿಗೆ ಹಾಕಬಾರದು. ಬೆಂಗಳೂರಿಗೆ ಹೋದರೆ ಪಟ್ಟಿ ಉತ್ತರಕ್ಕೆ ದಾಟಿ 11 ಆರ್ಕ್‌ಮಿನಿಟ್ ಆಚೆ ಇರುತ್ತದೆ. ಇಲ್ಲಿ ಎಂ42ಕ್ಕೆ ಈ ಕಾಟವಿಲ್ಲ, ಅದು ಪಟ್ಟಿಯಿಂದ ಸುಮಾರು ಮೂರು ಡಿಗ್ರಿ ದಕ್ಷಿಣಕ್ಕಿದೆ. ಶ್ರೀನಗರದ ಅಕ್ಷಾಂಶದಲ್ಲಿ ಪಟ್ಟಿ −5.5 ಡಿಗ್ರಿಗೆ ಇಳಿದು ಎಂ42ರ ಒಳಗೇ ಹಾಯುತ್ತದೆ. ಬೆಂಗಳೂರಿನಲ್ಲೂ ಕಾರವಾರದಲ್ಲೂ ಒಂದೇ ನಿಮಿಷಕ್ಕೆ ಶಟರ್ ಒತ್ತಿ, ಒಂದೇ ಉಪಗ್ರಹದ ಗೆರೆ ಎರಡೂ ಚಿತ್ರಗಳಲ್ಲಿ ಸಿಕ್ಕರೆ, ಉತ್ತರ–ದಕ್ಷಿಣಕ್ಕೆ ಬರುವ ಸುಮಾರು 20 ಆರ್ಕ್‌ಮಿನಿಟ್ ವ್ಯತ್ಯಾಸದಿಂದ 36,000 ಕಿ.ಮೀ. ದೂರವನ್ನು ಸ್ವತಃ ಅಳೆಯಬಹುದು. ಅದಕ್ಕೆ ಟಿಎಲ್‌ಇಯೂ ಬೇಕಿಲ್ಲ.